ಗಟ್ಟಿ ಲೆನ್ಸಿನ ನಂಬರೂ ಕಣ್ಣೀರಿನ ಲೆಕ್ಕವೂ

ಕನ್ನಡಕಕ್ಕಾಗಿ ಬರೆಸಿಕೊಂಡ ಚೀಟಿಯಲ್ಲಿ ಒಂದು ಅಂಕಿ, ಅದೇ ಕಣ್ಣಿಗೆಂದು ಮಾಡಿಸಿದ ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿಯ ಮೇಲೆ ಇನ್ನೊಂದು ಅಂಕಿ, ಕೆಲವು ತಿಂಗಳ ತರುವಾಯ ಲೆನ್ಸಿನ ಒಳಮೈಯ ಬಾಗನ್ನು ತುಸುವೇ ಬದಲಿಸಿದಾಗ ಮೂರನೆಯದೊಂದು ಅಂಕಿ. ಇವನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದ ತಂದೆತಾಯಿಗಳು ಮಗುವಿನ ದೃಷ್ಟಿ ದಿನೇದಿನೇ ಕ್ಷೀಣಿಸುತ್ತಿದೆಯೆಂದು ಕಳವಳಗೊಳ್ಳುವುದೂ, ಪರೀಕ್ಷಿಸಿದವರಲ್ಲಿ ಯಾರೋ ಒಬ್ಬರು ತಪ್ಪಿದ್ದಾರೆಂದು ಶಂಕಿಸುವುದೂ ಸಹಜವೇ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಣ್ಣೂ ಕೆಟ್ಟಿರುವುದಿಲ್ಲ, ಪರೀಕ್ಷಕರೂ ತಪ್ಪಿರುವುದಿಲ್ಲ. ಕನ್ನಡಕದ ನಂಬರು ಕಣ್ಣಿಗೆ ಸೇರಿದ್ದು. ಗಟ್ಟಿ ಲೆನ್ಸಿನ ನಂಬರು ಆ ಕಣ್ಣಿಗೂ ಆ ಒಂದು ಲೆನ್ಸಿಗೂ ಏರ್ಪಟ್ಟ ಸಂಬಂಧಕ್ಕೆ ಸೇರಿದ್ದು. ಆ ಸಂಬಂಧದ ನಡುವೆ ಕುಳಿತು ಲೆಕ್ಕವನ್ನು ತಿದ್ದುತ್ತಿರುವ ವಸ್ತು ಯಾವುದೆಂದರೆ, ನಾವು ದುಃಖದ ಹೊತ್ತಿನಲ್ಲಿ ಮಾತ್ರ ನೆನೆಯುವ ಕಣ್ಣೀರು.

ಕಣ್ಣಿನ ಕಪ್ಪು ಭಾಗದ ಮುಂದೆ ಹೊದಿಸಿದಂತಿರುವ ಪಾರದರ್ಶಕ ಪಟಲವನ್ನು ವೈದ್ಯರು ಕಾರ್ನಿಯಾ ಎನ್ನುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅದರ ಹೊರಮೈಯ ವಕ್ರತಾ ತ್ರಿಜ್ಯ ಸಾಮಾನ್ಯವಾಗಿ 7.8 ಮಿಲಿಮೀಟರಿನ ಆಸುಪಾಸು. ಮಸೂರದ ಶಕ್ತಿಯನ್ನು ಅಳೆಯುವ ಮಾನ ಡಯಾಪ್ಟರು; ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರುಗಳಾದರೆ, ಅದರಲ್ಲಿ ಮೂರರಲ್ಲೆರಡು ಪಾಲನ್ನು, ಎಂದರೆ 43ರ ಸುಮಾರನ್ನು, ಈ ತೆಳುಪಟಲವೊಂದೇ ಒದಗಿಸುತ್ತದೆ. ಇಷ್ಟು ಸಾಮರ್ಥ್ಯ ಅದಕ್ಕೆ ಬಂದಿರುವುದು ಅದರ ಬಾಗಿನಿಂದ ಮಾತ್ರವಲ್ಲ, ಅದರ ಮುಂದೆ ಗಾಳಿಯಿರುವುದರಿಂದಲೂ. ತುಮಕೂರು ಸೀಮೆಯ ತೋಟದ ಬಾವಿಗಳಲ್ಲಿ ಈಜು ಕಲಿತವರು ಇದನ್ನು ಸ್ವಾನುಭವದಿಂದಲೇ ಬಲ್ಲರು. ನೀರಿನೊಳಗೆ ಮುಳುಗಿ ಕಣ್ಣು ತೆರೆದರೆ ಅಂಗೈಯ ಗೆರೆಗಳು ಕೂಡ ಕಾಣದಷ್ಟು ಎಲ್ಲವೂ ಮಸುಕಾಗುತ್ತದೆ. ಗಾಳಿಗೂ ಕಾರ್ನಿಯಾಕ್ಕೂ ಇರುವ ವಕ್ರೀಭವನದ ಅಂತರ ದೊಡ್ಡದು; ನೀರಿನ ಸೂಚ್ಯಂಕ 1.333 ಆಗಿ, ಕಾರ್ನಿಯಾದ್ದು 1.376 ಆಗಿ, ಅವೆರಡರ ಅಂತರ ಅತ್ಯಲ್ಪವಾದುದರಿಂದ ನೀರಿನಲ್ಲಿ ಕಾರ್ನಿಯಾದ ಬಾಗು ಇದ್ದೂ ಇಲ್ಲದಂತಾಗುತ್ತದೆ. ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರು ತುಂಬಿದ ಪುಟ್ಟ ಕೊಳವೆಯೊಂದನ್ನು ತನ್ನ ಕಣ್ಣಿಗೇ ಒತ್ತಿ ಹಿಡಿದು, ಕಾರ್ನಿಯಾದ ಶಕ್ತಿಯನ್ನು ಹೀಗೆ ಅಳಿಸಿ, ಕೊಳವೆಯ ತುದಿಯಲ್ಲಿ ಕೂರಿಸಿದ ಗಾಜಿನ ಮಸೂರದಿಂದ ಅದನ್ನು ಮತ್ತೆ ತುಂಬಿಕೊಂಡನು.

ಗಟ್ಟಿ ಲೆನ್ಸಿನ ರಹಸ್ಯವೆಲ್ಲ ಈ ಪ್ರಯೋಗದೊಳಗೆ ಬೀಜರೂಪದಲ್ಲಿ ಅಡಗಿತ್ತು. ಕಣ್ಣಿನ ಮುಂದೆ ಒಂದು ಗಟ್ಟಿಯಾದ ಪಾರದರ್ಶಕ ಚಿಪ್ಪನ್ನಿಟ್ಟು, ಚಿಪ್ಪಿಗೂ ಕಾರ್ನಿಯಾಕ್ಕೂ ನಡುವಣ ಎಡೆಯನ್ನು ದ್ರವದಿಂದ ತುಂಬಿದರೆ, ಕಾರ್ನಿಯಾದ ಮೇಲ್ಮೈಯ ದೋಷಗಳು ದ್ರವದಲ್ಲಿ ಮುಳುಗಿಹೋಗಿ, ಅದರ ಸ್ಥಾನದಲ್ಲಿ ಚಿಪ್ಪಿನ ನಯವಾದ ಹೊರಮೈ ಕೆಲಸ ಮಾಡತೊಡಗುತ್ತದೆ. ಖಗೋಳಜ್ಞನಾದ ಜಾನ್ ಹರ್ಷೆಲ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇದನ್ನು ಊಹಿಸಿ ಬರೆದಿದ್ದನು. ಅದನ್ನು ಕಾರ್ಯಗತ ಮಾಡಿದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಗಣಿಸಲ್ಪಡುವವನು ಜ್ಯೂರಿಕ್ ನಗರದ ವೈದ್ಯ ಅಡಾಲ್ಫ್ ಫಿಕ್. 1888ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ, ದ್ರಾಕ್ಷಾಶರ್ಕರದ ದ್ರಾವಣ ತುಂಬಿದ ಗಾಜಿನ ಚಿಪ್ಪುಗಳನ್ನು ಮೊದಲು ಮೊಲಗಳಿಗೂ ಆಮೇಲೆ ತನಗೂ ಅನಂತರ ಇತರರಿಗೂ ತೊಡಿಸಿದ ವೃತ್ತಾಂತವಿದೆ. ಹಂಗೇರಿಯ ವೈದ್ಯ ಜೋಸೆಫ್ ಡಾಲೋಸ್ ಜೀವಂತ ಕಣ್ಣಿನಿಂದಲೇ ಅಚ್ಚು ತೆಗೆದು ಚಿಪ್ಪನ್ನು ಕಣ್ಣಿನ ಆಕಾರಕ್ಕೆ ಹೊಂದಿಸುವುದನ್ನು ಸಾಧಿಸಿದ್ದು ಕಳೆದ ಶತಮಾನದ ಮೂವತ್ತರ ದಶಕದ ಆಸುಪಾಸಿನಲ್ಲಿ. 1948ರಲ್ಲಿ ಕ್ಯಾಲಿಫೋರ್ನಿಯದ ಕೆವಿನ್ ಟೂಹಿ ಕಾರ್ನಿಯಾದ ಮೇಲೆ ಮಾತ್ರ ಕೂರುವ ಪ್ಲಾಸ್ಟಿಕ್ ಲೆನ್ಸನ್ನು ತಂದನು. ಎಪ್ಪತ್ತರ ದಶಕದಲ್ಲಿ ಆಮ್ಲಜನಕವನ್ನು ತನ್ನ ಮೂಲಕ ಹಾಯಗೊಡುವ ಗಟ್ಟಿ ಸಾಮಗ್ರಿಗಳು ಬಂದವು. ಇಂದು ಕಣ್ಣಾಸ್ಪತ್ರೆಗಳಲ್ಲಿ ಆರ್‌ಜಿಪಿ ಲೆನ್ಸ್ ಎಂದು ಕರೆಯುವುದು ಇವನ್ನೇ.

ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟವನ್ನು ಮಳೆಗಾಲದಲ್ಲಿ ಹತ್ತಿಹೋದವರು, ಕೆಳಗಿನ ಭೋಗನರಸಿಂಹನ ಗುಡಿಯನ್ನು ದಾಟಿ ಮೇಲಿನ ಯೋಗನರಸಿಂಹನ ಸನ್ನಿಧಿಯತ್ತ ಸಾಗುವಾಗ, ಬಂಡೆಗಳ ತಗ್ಗುಗಳಲ್ಲಿ ನಿಂತ ಮಳೆನೀರನ್ನು ಕಂಡಿರುತ್ತಾರೆ. ಬಂಡೆಯ ತಳ ಎಷ್ಟೇ ಅಡ್ಡಾದಿಡ್ಡಿಯಾಗಿ ಕೊರೆದಿದ್ದರೂ, ನೀರು ಆ ಏರುಪೇರನ್ನೆಲ್ಲ ತನ್ನೊಳಗೆ ಅಡಗಿಸಿಕೊಂಡು ಮೇಲೆ ಒಂದೇ ಸಮನಾದ ಮೈಯನ್ನು ತೋರಿಸುತ್ತದೆ. ಗಟ್ಟಿ ಲೆನ್ಸಿನ ಕೆಳಗಿನ ಕಣ್ಣೀರೂ ಹಾಗೆಯೇ. ಅದರ ತಳ ಕಾರ್ನಿಯಾದ ಆಕಾರವನ್ನೂ, ಅದರ ಮೇಲ್ಮೈ ಲೆನ್ಸಿನ ಒಳಮೈಯ ಆಕಾರವನ್ನೂ ತಾಳುತ್ತದೆ. ಎರಡು ಬಾಗಿದ ಮೈಗಳ ನಡುವೆ ಸಿಕ್ಕಿಕೊಂಡ ಪಾರದರ್ಶಕ ದ್ರವವೆಂದರೆ ಅದೂ ಒಂದು ಮಸೂರವೇ ಸರಿ. ಅದರ ದಪ್ಪ ಮಿಲಿಮೀಟರಿನ ನೂರರಲ್ಲೊಂದೆರಡು ಭಾಗಕ್ಕಿಂತ ಹೆಚ್ಚಿರದಿದ್ದರೂ, ಮಸೂರದ ಶಕ್ತಿ ಹೆಚ್ಚಾಗಿ ಬಾಗನ್ನು ಅವಲಂಬಿಸುವುದೇ ಹೊರತು ದಪ್ಪವನ್ನಲ್ಲವಾದುದರಿಂದ, ಈ ಕಣ್ಣೀರಿನ ಮಸೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ನಂಬರು ಗುರಿ ತಪ್ಪಿದ ನಂಬರಾಗುತ್ತದೆ.

ಈ ಮಸೂರದ ಶಕ್ತಿ ಪ್ಲಸ್ಸೋ ಮೈನಸ್ಸೋ ಎಂಬುದನ್ನು ನಿರ್ಣಯಿಸುವುದು ಲೆನ್ಸು ಕಣ್ಣಿನ ಮೇಲೆ ಹೊಂದಿಕೊಂಡಿರುವ ರೀತಿ. ಲೆನ್ಸಿನ ಒಳಮೈಯ ತ್ರಿಜ್ಯವನ್ನು ಬೇಸ್ ಕರ್ವ್ ಎಂದು ಕರೆಯುವುದು ರೂಢಿ. ಅದು ಕಾರ್ನಿಯಾದ ತ್ರಿಜ್ಯಕ್ಕೆ ಸರಿಸಮವಾಗಿದ್ದರೆ ಕಣ್ಣೀರಿನ ಪದರ ಎಲ್ಲೆಡೆಯೂ ಒಂದೇ ದಪ್ಪವಾಗಿದ್ದು, ಶಕ್ತಿ ಶೂನ್ಯವಾಗುತ್ತದೆ. ಬೇಸ್ ಕರ್ವ್ ಕಾರ್ನಿಯಾಕ್ಕಿಂತ ಚಿಕ್ಕದಾಗಿ, ಎಂದರೆ ಲೆನ್ಸು ಹೆಚ್ಚು ಕಡಿದಾಗಿ ಬಾಗಿದ್ದರೆ, ಅದು ಅಂಚಿನಲ್ಲಿ ಊರಿಕೊಂಡು ನಡುವೆ ತುಸು ಮೇಲೆದ್ದು ನಿಲ್ಲುತ್ತದೆ. ಆಗ ಕಣ್ಣೀರು ನಡುವೆ ದಪ್ಪವಾಗಿ ಅಂಚಿನಲ್ಲಿ ತೆಳುವಾಗಿ ಪೀನಮಸೂರದ, ಎಂದರೆ ಪ್ಲಸ್ ಲೆನ್ಸಿನ ಆಕಾರ ತಾಳುತ್ತದೆ. ಲೆನ್ಸು ಕಾರ್ನಿಯಾಕ್ಕಿಂತ ಚಪ್ಪಟೆಯಾಗಿದ್ದರೆ ಇದಕ್ಕೆ ವಿಪರ್ಯಯವಾಗಿ, ನಡುವೆ ತಾಗಿ ಅಂಚಿನಲ್ಲಿ ತೆರೆದುಕೊಂಡು, ಕಣ್ಣೀರು ನಿಮ್ನಮಸೂರವಾಗುತ್ತದೆ, ಎಂದರೆ ಮೈನಸ್. ಹೀಗೆ ಕಣ್ಣೀರು ತಾನಾಗಿ ತಂದ ಪ್ಲಸ್ಸನ್ನು ಅಳಿಸಲು ಲೆನ್ಸಿನಲ್ಲಿ ಅಷ್ಟೇ ಮೈನಸ್ ಕೂಡಿಸಬೇಕು. ಅದು ತಂದ ಮೈನಸ್ಸನ್ನು ಅಳಿಸಲು ಅಷ್ಟೇ ಪ್ಲಸ್ ಕೂಡಿಸಬೇಕು. ಲೆನ್ಸ್ ಕೂರಿಸುವ ಆಪ್ಟೋಮೆಟ್ರಿಸ್ಟರು ಇದನ್ನು, ಸ್ಟೀಪ್ ಆದರೆ ಮೈನಸ್ ಕೂಡಿಸು, ಫ್ಲಾಟ್ ಆದರೆ ಪ್ಲಸ್ ಕೂಡಿಸು ಎಂದು ಕಂಠಪಾಠ ಮಾಡಿಕೊಂಡಿರುತ್ತಾರೆ.

ಗಣಿತದಲ್ಲಿ ಅಭಿರುಚಿಯುಳ್ಳವರು ಇಲ್ಲೊಂದು ಪ್ರಶ್ನೆಯನ್ನು ಎತ್ತಬಹುದು. ಕಣ್ಣೀರು ಲೆನ್ಸಿಗೂ ಕಾರ್ನಿಯಾಕ್ಕೂ ಅಂಟಿಕೊಂಡೇ ಇರುವಾಗ ಅದನ್ನು ಪ್ರತ್ಯೇಕವಾದ ಮಸೂರವೆಂದು ಎಣಿಸುವುದು ಹೇಗೆ? ಲೆನ್ಸಿನ ಮೇಲೆ ನಮೂದಿಸಿದ ಪವರನ್ನು ಅಳೆಯುವುದು ಗಾಳಿಯಲ್ಲಿ. ಆದಕಾರಣ ಲೆನ್ಸು, ಕಣ್ಣೀರು, ಕಾರ್ನಿಯಾ ಈ ಮೂರನ್ನೂ ಕೂದಲೆಳೆಯಷ್ಟು ತೆಳುವಾದ ಗಾಳಿಯ ಪದರಗಳಿಂದ ಬೇರ್ಪಡಿಸಿದಂತೆ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಅಷ್ಟು ತೆಳುವಾದ ಗಾಳಿ ತಾನಾಗಿ ಯಾವ ಶಕ್ತಿಯನ್ನೂ ತರುವುದಿಲ್ಲವಾದುದರಿಂದ ಉತ್ತರ ಕೆಡುವುದಿಲ್ಲ. ಆಗ ಕಣ್ಣೀರಿನ ಮಸೂರದ ಶಕ್ತಿಯನ್ನು ತಿಳಿಯಲು 337.5ನ್ನು ಬೇಸ್ ಕರ್ವಿನಿಂದ ಭಾಗಿಸಿ, ಅದರಿಂದ 337.5ನ್ನು ಕಾರ್ನಿಯಾದ ತ್ರಿಜ್ಯದಿಂದ ಭಾಗಿಸಿ ಬಂದುದನ್ನು ಕಳೆದರೆ ಸಾಕು. ಈ 337.5 ಎಂಬ ಅಂಕಿ ಕಾರ್ನಿಯಾದ ಬಾಗನ್ನು ಅಳೆಯುವ ಕೆರಟೋಮೀಟರ್ ಯಂತ್ರದಿಂದ ಬಂದದ್ದು. ಕಣ್ಣೀರಿನ ಸೂಚ್ಯಂಕವಾದ 1.336ಕ್ಕೆ ಅದು ಅತ್ಯಂತ ಸಮೀಪದ್ದಾದುದರಿಂದ ಕೆಲಸಕ್ಕೆ ಬಾಧಕವಿಲ್ಲ.

ಗುಬ್ಬಿಯ ಒಬ್ಬ ವಿದ್ಯಾರ್ಥಿಯ ಕನ್ನಡಕದ ನಂಬರು ಮೈನಸ್ 6.00 ಎಂದೂ, ಅವನ ಕಾರ್ನಿಯಾದ ತ್ರಿಜ್ಯ 7.80 ಮಿಲಿಮೀಟರ್ ಎಂದೂ ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಕನ್ನಡಕದ ಗಾಜು ಕಣ್ಣಿನಿಂದ 12 ಮಿಲಿಮೀಟರ್ ದೂರದಲ್ಲಿರುತ್ತದೆ. ಲೆನ್ಸು ಕಣ್ಣಿನ ಮೇಲೆಯೇ ಕೂರುತ್ತದೆ. ಮೈನಸ್ ಗಾಜು ಕಣ್ಣಿಗೆ ಹತ್ತಿರವಾದಷ್ಟೂ ಕಡಿಮೆ ಶಕ್ತಿ ಸಾಕಾಗುವುದರಿಂದ, ಈ ದೂರದ ಲೆಕ್ಕವನ್ನು ತೆಗೆದರೆ ಅವನಿಗೆ ಬೇಕಾದುದು ಮೈನಸ್ 5.60. ಬೇಸ್ ಕರ್ವ್ 7.80 ಆಗಿರುವ ಲೆನ್ಸನ್ನು ತೊಡಿಸಿದರೆ ಕಣ್ಣೀರಿನ ಪಾಲು ಶೂನ್ಯ. ಕಾಲು ಡಯಾಪ್ಟರಿನ ಅರ್ಧದ ಮಟ್ಟಿಗೆ ಸರಿಹೊಂದಿಸಿ ಮೈನಸ್ 5.62 ಎಂದು ಬರೆಯುತ್ತಾರೆ. ಅದೇ ಕಣ್ಣಿಗೆ 7.70 ಬೇಸ್ ಕರ್ವಿನ ಲೆನ್ಸು ಕೂರಿಸಿದರೆ ಕಣ್ಣೀರು ಅರ್ಧ ಡಯಾಪ್ಟರಿಗಿಂತ ತುಸು ಹೆಚ್ಚು ಪ್ಲಸ್ ತರುತ್ತದೆ. ನಂಬರು ಮೈನಸ್ 6.12 ಆಗುತ್ತದೆ. 7.90ರ ಲೆನ್ಸಾದರೆ ಕಣ್ಣೀರು ಅಷ್ಟೇ ಮೈನಸ್ ತರುವುದರಿಂದ ಮೈನಸ್ 5.00 ಸಾಕು. ಕಣ್ಣು ಒಂದೇ, ದೃಷ್ಟಿ ಒಂದೇ, ಆದರೂ ನಂಬರುಗಳು ಮೂರು. ಅವುಗಳಲ್ಲಿ ಒಂದೂ ತಪ್ಪಲ್ಲ. ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಅರ್ಧ ಡಯಾಪ್ಟರನ್ನು ಅತ್ತಿತ್ತ ಮಾಡುವುದೆಂಬುದನ್ನು ಕಂಡಾಗ, ಈ ಕೆಲಸದಲ್ಲಿ ತೊಡಗಿದವರಿಗೆ ಎಂತಹ ಎಚ್ಚರ ಬೇಕೆಂಬುದು ಮನವರಿಕೆಯಾಗುತ್ತದೆ.

ದೂರದ ಲೆಕ್ಕವೆಂದು ಮೇಲೆ ಹೇಳಿದುದು ನಮ್ಮ ಹಿರಿಯರಿಗೆ ಅಪರಿಚಿತವೇನಲ್ಲ. ಕರ್ನಾಟಕದ ಹಳ್ಳಿಗಾಡುಗಳಲ್ಲಿ ಕಣ್ಣಿನ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರನ್ನು, 1956ರಲ್ಲಿ ಪದ್ಮಶ್ರೀಯೂ 1968ರಲ್ಲಿ ಪದ್ಮಭೂಷಣವೂ ಅರಸಿಕೊಂಡು ಬಂದ ಆ ಮಹನೀಯರನ್ನು, ನೆನೆಯದ ಮನೆಗಳು ಆ ಕಾಲದಲ್ಲಿ ವಿರಳ. ಪೊರೆಯನ್ನು ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸುವ ಪದ್ಧತಿ ಅಂದಿಗೆ ಪ್ರಚಾರಕ್ಕೆ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯಾದವರಿಗೆ ಪ್ಲಸ್ 10ರ ಸುಮಾರಿನ ದಪ್ಪ ಗಾಜನ್ನು, ಜನ ಸೋಡಾಬುಡ್ಡಿ ಕನ್ನಡಕವೆಂದು ಕರೆಯುತ್ತಿದ್ದುದನ್ನು, ಕೊಡುತ್ತಿದ್ದರು. ಆ ಕನ್ನಡಕ ತೊಟ್ಟ ಅಜ್ಜಂದಿರು ಪಂಚಾಂಗವನ್ನೋ ಕಾಗದವನ್ನೋ ಓದಬೇಕಾದಾಗ ಅದನ್ನು ಮೂಗಿನ ತುದಿಗೆ ಜಾರಿಸಿಕೊಳ್ಳುತ್ತಿದ್ದುದನ್ನು ನಾವು ಕಂಡಿದ್ದೇವೆ. ಪ್ಲಸ್ ಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಪರಿಣಾಮ ಹೆಚ್ಚುತ್ತದೆಂಬ ತತ್ತ್ವವನ್ನು ಅವರು ಯಾವ ಪುಸ್ತಕದ ನೆರವೂ ಇಲ್ಲದೆ ಆಚರಣೆಯಲ್ಲಿ ತಂದಿದ್ದರು. ಅದೇ ತತ್ತ್ವದ ಇನ್ನೊಂದು ಮುಖವೆಂದರೆ, ಪ್ಲಸ್ 10ರ ಕನ್ನಡಕದ ಬದಲು ಕಣ್ಣಿನ ಮೇಲೆಯೇ ಲೆನ್ಸು ಕೂರಿಸಬೇಕಾದರೆ ಪ್ಲಸ್ 11.36 ಬೇಕಾಗುತ್ತದೆ. ನಂಬರು ನಾಲ್ಕರೊಳಗಿದ್ದರೆ ಈ ವ್ಯತ್ಯಾಸ ಗಣನೆಗೆ ಬಾರದು. ನಾಲ್ಕನ್ನು ಮೀರಿದರೆ ಉಪೇಕ್ಷಿಸಲಾಗದು.

ಸಾಫ್ಟ್ ಲೆನ್ಸ್ ತೊಡುವ ಮಿತ್ರರೊಡನೆ ತಮ್ಮ ನಂಬರನ್ನು ಹೋಲಿಸಿಕೊಂಡು ಗಲಿಬಿಲಿಗೊಳ್ಳುವವರಿಗೂ ಇಲ್ಲೊಂದು ಮಾತು. 1961ರಲ್ಲಿ ಜೆಕ್ ದೇಶದ ಒಟ್ಟೊ ವಿಖ್ಟರ್ಲೆ ಆವಿಷ್ಕರಿಸಿದ ಆ ಮೃದುವಾದ ಲೆನ್ಸು ಕಾರ್ನಿಯಾದ ಮೇಲೆ ಮಡಿದು ಅದರ ಆಕಾರವನ್ನೇ ತಾಳುವುದರಿಂದ, ಅದರ ಕೆಳಗೆ ಹೇಳತಕ್ಕ ಕಣ್ಣೀರಿನ ಮಸೂರವೇ ಏರ್ಪಡುವುದಿಲ್ಲ. ಆದುದರಿಂದಲೇ ಕಾರ್ನಿಯಾ ವಕ್ರವಾಗಿದ್ದರೆ ಆ ವಕ್ರತೆ ಸಾಫ್ಟ್ ಲೆನ್ಸಿನ ಮೇಲೂ ಮೂಡಿ ನಿಲ್ಲುತ್ತದೆ. ಗಟ್ಟಿ ಲೆನ್ಸು ಹಾಗಲ್ಲ. ಕಾರ್ನಿಯಾ ಒಂದು ದಿಕ್ಕಿನಲ್ಲಿ ಹೆಚ್ಚಾಗಿಯೂ ಅದಕ್ಕೆ ಅಡ್ಡದಿಕ್ಕಿನಲ್ಲಿ ಕಡಿಮೆಯಾಗಿಯೂ ಬಾಗಿರುವುದರಿಂದ ಬರುವ ಸಿಲಿಂಡರ್ ನಂಬರನ್ನು, ಗೋಳಾಕಾರದ ಸಾಧಾರಣ ಗಟ್ಟಿ ಲೆನ್ಸೊಂದು ಕಣ್ಣೀರಿನ ನೆರವಿನಿಂದ ಹತ್ತರಲ್ಲಿ ಒಂಬತ್ತು ಪಾಲು ನುಂಗಿಹಾಕುತ್ತದೆ. ಕನ್ನಡಕದ ಚೀಟಿಯಲ್ಲಿದ್ದ ಸಿಲಿಂಡರ್ ಅಂಕಿ ಲೆನ್ಸಿನ ಚೀಟಿಯಲ್ಲಿ ಮಾಯವಾಗಿರುವುದಕ್ಕೆ ಕಾರಣ ಇದು. ಆದರೆ ಸಿಲಿಂಡರು ಕಾರ್ನಿಯಾದಿಂದ ಬಾರದೆ ಕಣ್ಣಿನೊಳಗಿನ ಮಸೂರದಿಂದ ಬಂದಿದ್ದರೆ ಕಣ್ಣೀರು ಅದನ್ನು ಮುಟ್ಟಲಾರದು. ಲೆನ್ಸನ್ನು ಅತಿ ತೆಳುವಾಗಿ ಮಾಡಿದ್ದು, ವಕ್ರವಾದ ಕಾರ್ನಿಯಾದ ಮೇಲೆ ರೆಪ್ಪೆಯ ಒತ್ತಡಕ್ಕೆ ಅದೇ ಬಾಗಿಬಿಟ್ಟರೆ ಸಿಲಿಂಡರು ಮತ್ತೆ ತಲೆಯೆತ್ತುತ್ತದೆ.

ಇಷ್ಟನ್ನು ಕೇಳಿದ ಮೇಲೆ, ಬೇಸ್ ಕರ್ವ್ ಏನೇ ಇರಲಿ, ಪವರನ್ನು ಅದಕ್ಕೆ ತಕ್ಕಂತೆ ತಿದ್ದಿದರಾಯಿತಲ್ಲ ಎಂದು ಯಾರಾದರೂ ಭಾವಿಸಿದರೆ ಅದು ಅಪಾಯಕಾರಿಯಾದ ಭಾವನೆ. ನನ್ನ ದೃಢವಾದ ಅಭಿಪ್ರಾಯವೇನೆಂದರೆ, ಹೊಂದಿಕೆ ಮೊದಲು, ಪವರು ಆಮೇಲೆ. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಗಾಳಿಯ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಪಡೆದು ಬದುಕುತ್ತದೆ. ಅತಿಯಾಗಿ ಕಡಿದಾದ ಲೆನ್ಸು ಅಂಚಿನಲ್ಲಿ ಬಿಗಿಯಾಗಿ ಕಚ್ಚಿಕೊಂಡು, ಕಣ್ಣು ಮಿಟುಕಿಸಿದಾಗ ಆಗಬೇಕಾದ ಕಣ್ಣೀರಿನ ವಿನಿಮಯವನ್ನು ತಡೆದು, ಒಳಗಿನ ಕಶ್ಮಲ ಅಲ್ಲಿಯೇ ನಿಲ್ಲುವಂತೆ ಮಾಡುತ್ತದೆ. ಅತಿಯಾಗಿ ಚಪ್ಪಟೆಯಾದ ಲೆನ್ಸು ಕಣ್ಣಿನ ಮೇಲೆ ಜಾರಾಡುತ್ತ, ಕಾರ್ನಿಯಾದ ನಡುಭಾಗವನ್ನು ಉಜ್ಜುತ್ತ, ವರ್ಷಗಳ ಮೇಲೆ ಕಲೆಯನ್ನೇ ಉಳಿಸಬಹುದು. ಆದ್ದರಿಂದ ಬಲ್ಲವರು ಕಣ್ಣಿಗೆ ಫ್ಲೂರೆಸಿನ್ ಎಂಬ ಕಿತ್ತಳೆ ಬಣ್ಣದ ದ್ರವ್ಯವನ್ನು ಸೋಕಿಸಿ, ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಕಣ್ಣೀರು ದಪ್ಪವಾಗಿರುವ ಕಡೆ ಹಸುರು ಪ್ರಕಾಶಿಸುತ್ತದೆ. ಲೆನ್ಸು ತಾಗುತ್ತಿರುವ ಕಡೆ ಕಪ್ಪಾಗಿರುತ್ತದೆ. ನಡುವೆ ಹಸುರು ಮಡುಗಟ್ಟಿದ್ದರೆ ಲೆನ್ಸು ಕಡಿದು, ನಡುವೆ ಕಪ್ಪಾಗಿ ಅಂಚಿನಲ್ಲಿ ಅಗಲವಾಗಿ ಹಸುರು ಹರಡಿದ್ದರೆ ಚಪ್ಪಟೆ. ಪವರನ್ನು ತಿದ್ದುವಂತೆ ಮಾಡುವ ಕಣ್ಣೀರಿನ ಮಸೂರವೇ ಹೀಗೆ ಬಣ್ಣದಲ್ಲಿ ಕಣ್ಣಿಗೆ ಕಾಣುವುದೊಂದು ಸೊಗಸು. ಕಪಾಟಿನಲ್ಲಿ ಸಿದ್ಧವಾಗಿರುವ ಲೆನ್ಸಿನ ಪವರು ಸರಿಹೊಂದುತ್ತದೆಂಬ ಕಾರಣಕ್ಕೆ ಹೊಂದದ ಬೇಸ್ ಕರ್ವನ್ನು ಕಣ್ಣಿಗೆ ತೊಡಿಸುವುದು, ಯಾರು ಮಾಡಿದರೂ, ಒಪ್ಪತಕ್ಕ ಕೆಲಸವಲ್ಲ.

ಇದೆಲ್ಲವೂ ಅತ್ಯಂತ ಗಂಭೀರವಾಗುವುದು ಕೆರಟೋಕೋನಸ್ ಎಂಬ ವ್ಯಾಧಿಯಲ್ಲಿ. ಇದರಲ್ಲಿ ಕಾರ್ನಿಯಾ ತೆಳುವಾಗುತ್ತ ಮುಂದಕ್ಕೆ ಶಂಕುವಿನಂತೆ ಉಬ್ಬುತ್ತದೆ. ಹದಿಹರೆಯದಲ್ಲಿ ತಲೆದೋರಿ, ಮೂವತ್ತರ ವಯಸ್ಸಿನವರೆಗೂ ಬೆಳೆಯುವುದು ಇದರ ಸ್ವಭಾವ. ಎಷ್ಟು ಬಾರಿ ಕನ್ನಡಕ ಬದಲಿಸಿದರೂ ಅಕ್ಷರಗಳಿಗೆ ನೆರಳು ಮೂಡುವುದು, ರಾತ್ರಿ ದೀಪಗಳ ಸುತ್ತ ಬೆಳಕು ಚೆದರುವುದು ಇದರ ಲಕ್ಷಣ. ನಾಗಪುರದ ಸಮೀಪದ ಗ್ರಾಮಗಳಲ್ಲಿ ಮೂವತ್ತು ಮೀರಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕಾರ್ನಿಯಾದ ಬಾಗು ಒಂದು ಮಿತಿಯನ್ನು ಮೀರಿದವರನ್ನೆಲ್ಲ ಲೆಕ್ಕಕ್ಕೆ ಹಿಡಿದು, ಶೇಕಡ 2.3 ಮಂದಿಯಲ್ಲಿ ಇದು ಇರುವುದಾಗಿ ಹೇಳಿತು. ಪಾಶ್ಚಾತ್ಯ ದೇಶಗಳಿಂದ ಹಿಂದೆ ವರದಿಯಾಗಿದ್ದ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚಿನದು. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ ಈ ವ್ಯಾಧಿಗೂ ನಿಕಟ ಸಂಬಂಧವುಂಟೆಂಬುದನ್ನು ವೈದ್ಯರು ಒಪ್ಪುತ್ತಾರೆ. ಬೇಸಗೆಯಲ್ಲಿ ಧೂಳೇಳುವ ನಮ್ಮ ಕುಣಿಗಲ್, ಗುಬ್ಬಿ, ತುಮಕೂರಿನ ರಸ್ತೆಗಳಲ್ಲಿ ಸೈಕಲ್ ತುಳಿಯುವ ಮಕ್ಕಳು, ಅಲರ್ಜಿಯಿಂದ ಕೆಂಪಾದ ಕಣ್ಣನ್ನು ಮುಷ್ಟಿಯಿಂದ ತಿಕ್ಕಿಕೊಳ್ಳುವುದನ್ನು ಕಂಡ ತಾಯಂದಿರು ಅದನ್ನು ಹಗುರವಾಗಿ ಎಣಿಸಬಾರದೆಂದು ಕಳಕಳಿಯಿಂದ ಹೇಳಬಯಸುತ್ತೇನೆ. ವ್ಯಾಧಿ ಬೆಳೆಯದಂತೆ ತಡೆಯುವ ಸಿ3ಆರ್ ಚಿಕಿತ್ಸೆ ಈಗ ಬೆಂಗಳೂರಿನಲ್ಲಿ ದೊರೆಯುತ್ತದೆ. ಆದರೆ ಆಗಲೇ ಉಬ್ಬಿದ ಕಾರ್ನಿಯಾದಲ್ಲಿ ಸ್ಪಷ್ಟವಾದ ದೃಷ್ಟಿಯನ್ನು ಬಹುಮಂದಿಗೆ ಮರಳಿ ಕೊಡುವುದು ಗಟ್ಟಿ ಲೆನ್ಸೇ.

ಇಂತಹ ಕಣ್ಣಿನಲ್ಲಿ ಪವರಿನ ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ನೋಡಬೇಕು. ಬೇಸ್ ಕರ್ವಿನಲ್ಲಿ 0.05 ಮಿಲಿಮೀಟರ್ ವ್ಯತ್ಯಾಸವಾದರೆ ಪವರಿನಲ್ಲಿ ಕಾಲು ಡಯಾಪ್ಟರು ಎಂಬುದು ಸಾಮಾನ್ಯ ಕಣ್ಣಿಗೆ ಅನ್ವಯಿಸುವ ಸ್ಥೂಲವಾದ ಕಟ್ಟಳೆ. ಕಾರ್ನಿಯಾ ಉಬ್ಬಿ ಕಡಿದಾದಲ್ಲಿ ಅದು ನಡೆಯುವುದಿಲ್ಲ. ಒಬ್ಬ ರೋಗಿಗೆ 6.50 ಬೇಸ್ ಕರ್ವಿನ ಟ್ರಯಲ್ ಲೆನ್ಸು, ಎಂದರೆ ಪರೀಕ್ಷೆಗೆಂದೇ ಇಟ್ಟಿರುವ ಲೆನ್ಸು, ತೊಡಿಸಿ, ಅದರ ಮೇಲೆ ಪರೀಕ್ಷಿಸಿದಾಗ ಒಟ್ಟು ಮೈನಸ್ 8.00 ಬೇಕೆಂದು ಕಂಡಿತೆನ್ನಿ. ನೀಲಿ ಬೆಳಕಿನಲ್ಲಿ ನೋಡಿದರೆ ಲೆನ್ಸು ಶಂಕುವಿನ ತುದಿಯನ್ನು ಒತ್ತುತ್ತಿದೆ; ಆದುದರಿಂದ 6.30ರ ಲೆನ್ಸನ್ನು ಆರಿಸಬೇಕಾಯಿತು. ಸ್ಥೂಲ ಕಟ್ಟಳೆಯ ಪ್ರಕಾರ ಒಂದು ಡಯಾಪ್ಟರ್ ಕೂಡಿಸಿ ಮೈನಸ್ 9.00 ಎಂದು ಬರೆದರೆ ತಪ್ಪಾಗುತ್ತದೆ. 337.5ನ್ನು 6.30ರಿಂದ ಭಾಗಿಸಿದರೆ 53.57, 6.50ರಿಂದ ಭಾಗಿಸಿದರೆ 51.92, ಅಂತರ 1.65. ಬೇಕಾದುದು ಮೈನಸ್ 9.62ರ ಸುಮಾರು. ಅರ್ಧಕ್ಕಿಂತ ಹೆಚ್ಚು ಡಯಾಪ್ಟರಿನ ಈ ಕೊರತೆಯಿಂದ ಕೊನೆಯ ಬೆಂಚಿನ ಹುಡುಗನಿಗೆ ಕಪ್ಪುಹಲಗೆಯ ಅಕ್ಷರ ಮಸುಕಾಗಿಯೇ ಉಳಿದು, ವ್ಯಾಧಿ ಹೆಚ್ಚಿತೆಂಬ ವೃಥಾ ಭೀತಿ ಹುಟ್ಟುತ್ತದೆ. ಈ ಕಾರಣಕ್ಕಾಗಿಯೇ ಅನುಭವಸ್ಥರು ಬರಿಯ ಸೂತ್ರದಿಂದ ಪವರನ್ನು ನಿರ್ಧರಿಸುವುದಿಲ್ಲ. ಅಂತಿಮವಾಗಿ ಆರಿಸಿದ ಬೇಸ್ ಕರ್ವಿನ ಟ್ರಯಲ್ ಲೆನ್ಸನ್ನೇ ಕಣ್ಣಿಗೆ ತೊಡಿಸಿ, ಮೊದಲ ಕಿರಿಕಿರಿಗೆ ಸುರಿಯುವ ನೀರು ನಿಂತು ಲೆನ್ಸು ನೆಲೆಗೊಳ್ಳುವವರೆಗೆ ಕಾದು, ಅದರ ಮೇಲೆ ಮತ್ತೊಮ್ಮೆ ಪರೀಕ್ಷೆ ನಡೆಸುತ್ತಾರೆ. ಆಗ ಕಣ್ಣೀರಿನ ಮಸೂರ, ಸಿಲಿಂಡರಿನ ಶೇಷ ಎರಡೂ ತಾವಾಗಿಯೇ ಆ ಪರೀಕ್ಷೆಯೊಳಗೆ ಸೇರಿಬಿಟ್ಟಿರುತ್ತವೆ.

ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಊರುವ ದೊಡ್ಡ ಸ್ಕ್ಲೀರಲ್ ಲೆನ್ಸುಗಳಿಗೂ ಇದೇ ನ್ಯಾಯ. ಅವುಗಳನ್ನು ಶುದ್ಧವಾದ ಸಲೈನ್ ತುಂಬಿ ತೊಡುತ್ತಾರೆ. ತೊಟ್ಟ ಮೇಲೆ ಕೆಲವು ಗಂಟೆಗಳಲ್ಲಿ ಲೆನ್ಸು ಸ್ವಲ್ಪ ಕೆಳಗಿಳಿದು ದ್ರವದ ಪದರ ತೆಳುವಾಗುವುದರಿಂದ, ಆ ಇಳಿತ ಮುಗಿಯುವ ಮುನ್ನ ಪವರನ್ನು ಸ್ಥಿರಪಡಿಸುವುದು ಉಚಿತವಲ್ಲ.

ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರು. 1896ರಲ್ಲಿ ಪ್ರಾರಂಭವಾಗಿ 1913ರಲ್ಲಿ ಈಗಿರುವ ಕಟ್ಟಡಕ್ಕೆ ಬಂದ ಮಿಂಟೊ ಕಣ್ಣಾಸ್ಪತ್ರೆ ನಮ್ಮ ಸೀಮೆಯವರಿಗೆ ತಲೆಮಾರುಗಳಿಂದ ಪರಿಚಿತ. ಇಂದು ಖಾಸಗಿ ಕಣ್ಣಾಸ್ಪತ್ರೆಗಳೂ ಅಲ್ಲಿ ಹಲವಿವೆ. ಕಷ್ಟವಿರುವುದು ಅಲ್ಲಿಗೆ ಒಮ್ಮೆ ಹೋಗಿಬರುವುದರಲ್ಲಿ ಅಲ್ಲ. ಊರಿಗೆ ಮರಳಿದ ಮೇಲೆ. ಗಟ್ಟಿ ಲೆನ್ಸು ಅಂಗುಲದ ಅರ್ಧದಷ್ಟೂ ಅಗಲವಿಲ್ಲದ ವಸ್ತು. ಹಾಸ್ಟೆಲಿನ ಬಚ್ಚಲಿನಲ್ಲೋ ಬಸ್ ನಿಲ್ದಾಣದಲ್ಲೋ ಕಳೆದುಹೋದರೆ ಮತ್ತೆ ಸಿಗುವುದಿಲ್ಲ. ಆಗ ಮನೆಯವರು ನೆನಪಿನಲ್ಲಿರುವ ನಂಬರನ್ನಷ್ಟೇ ಹೇಳಿ, ಹತ್ತಿರದ ಅಂಗಡಿಯಲ್ಲಿ, ಇಲ್ಲವೆ ದೂರದಿಂದ ತರಿಸಿ, ಅದೇ ನಂಬರಿನ ಇನ್ನೊಂದು ಲೆನ್ಸನ್ನು ಕೊಳ್ಳುತ್ತಾರೆ. ಬೇಸ್ ಕರ್ವ್ ಬದಲಾಗಿದ್ದರೆ, ಮೇಲೆ ವಿವರಿಸಿದಂತೆ, ಅದೇ ನಂಬರು ಅದೇ ದೃಷ್ಟಿಯನ್ನು ಕೊಡದು; ಅದಕ್ಕಿಂತ ಹೆಚ್ಚಾಗಿ ಆ ಲೆನ್ಸು ಕಣ್ಣಿಗೆ ಹೊಂದದೆ ಘಾಸಿಯನ್ನೇ ಮಾಡಬಹುದು. ಎಡಗಣ್ಣಿನ ಲೆನ್ಸನ್ನು ಬಲಗಣ್ಣಿಗೆ ತೊಟ್ಟರೂ ಫಲ ಹೀಗೆಯೇ. ಎರಡು ಕಣ್ಣುಗಳ ನಂಬರು ಒಂದೇ ಆಗಿದ್ದರೂ ಬಾಗು ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಲೆನ್ಸು ತೊಟ್ಟು ದೇವರಾಯನದುರ್ಗಕ್ಕೆ ಹೋಗುವ ತರುಣರಿಗೆ ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ ಹೇಳಿಬಿಡುವುದು ಒಳ್ಳೆಯದು. ಬೆಟ್ಟದ ಮೇಲಿನ ಗಾಳಿಗೆ ಧೂಳಿನ ಕಣವೊಂದು ಗಟ್ಟಿ ಲೆನ್ಸಿನ ಕೆಳಗೆ ಸೇರಿದರೆ ತಡೆಯಲಾರದ ಉರಿಯಾಗುತ್ತದೆ. ಆಗ ಲೆನ್ಸನ್ನು ತೆಗೆದು ನಾಮದ ಚಿಲುಮೆಯ ನೀರಿನಲ್ಲಿ ತೊಳೆದು ಮತ್ತೆ ತೊಡುವ ಮನಸ್ಸಾಗಬಹುದು. ಬಂಡೆಯೊಳಗಿಂದ ಒಸರುವ ಆ ತಿಳಿನೀರು, ಶ್ರೀರಾಮನ ಬಾಣದಿಂದ ಚಿಮ್ಮಿತೆಂದು ಭಕ್ತರು ನಂಬುವ ಆ ಪವಿತ್ರ ಜಲ, ತಲೆಗೆ ಪ್ರೋಕ್ಷಿಸಿಕೊಳ್ಳತಕ್ಕದ್ದು, ಲೆನ್ಸಿಗೆ ತಾಗಿಸತಕ್ಕದ್ದಲ್ಲ. ಚಿಲುಮೆಯ ನೀರಾಗಲಿ, ಬಾವಿಯದಾಗಲಿ, ನಲ್ಲಿಯದಾಗಲಿ, ಅದರಲ್ಲಿರಬಹುದಾದ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಕಾರ್ನಿಯಾವನ್ನು ಸೇರಿದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಸಂಭವವುಂಟು. ಲೆನ್ಸಿನ ದ್ರಾವಣದ ಸೀಸೆಯನ್ನೂ ಹಳೆಯ ಕನ್ನಡಕವನ್ನೂ ಚೀಲದಲ್ಲಿಟ್ಟುಕೊಂಡೇ ಹೊರಡಬೇಕು.

ಗಟ್ಟಿ ಲೆನ್ಸು ಮಾಡಿಸಿಕೊಳ್ಳುವ ಪ್ರತಿಯೊಬ್ಬರಲ್ಲಿಯೂ, ವಿಶೇಷವಾಗಿ ಮಕ್ಕಳನ್ನು ಕರೆದುಕೊಂಡು ದೂರದ ಆಸ್ಪತ್ರೆಗೆ ಹೋಗುವ ತಂದೆತಾಯಿಗಳಲ್ಲಿ, ನನ್ನ ವಿನಂತಿ ಇಷ್ಟು. ಕನ್ನಡಕದ ಚೀಟಿಯೊಂದನ್ನೇ ಪಡೆದು ಹಿಂದಿರುಗಬೇಡಿ. ಎರಡೂ ಕಣ್ಣುಗಳಿಗೆ ಪ್ರತ್ಯೇಕವಾಗಿ, ಲೆನ್ಸಿನ ಬೇಸ್ ಕರ್ವ್ ಎಷ್ಟು, ವ್ಯಾಸ ಎಷ್ಟು, ಪವರ್ ಎಷ್ಟು, ಸಾಮಗ್ರಿ ಯಾವುದು ಎಂಬ ನಾಲ್ಕನ್ನೂ ದಿನಾಂಕದೊಡನೆ ಬರೆಸಿಕೊಳ್ಳಿ, ಕೇಳಿದರೆ ಬರೆದುಕೊಡುತ್ತಾರೆ. ಮುಂದಿನ ಸಲ ನಂಬರು ಬದಲಾಗಿದ್ದರೆ ಮೊದಲು ಬೇಸ್ ಕರ್ವ್ ಬದಲಾಗಿದೆಯೇ ಎಂದು ಆ ಚೀಟಿಯಲ್ಲಿ ನೋಡಿ, ಆಮೇಲೆ ವೈದ್ಯರನ್ನು ಪ್ರಶ್ನಿಸಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ಲೆನ್ಸಿನ ಡಬ್ಬಿಯ ಜೊತೆಯಲ್ಲಿಯೂ ಇಟ್ಟುಕೊಳ್ಳಿ.